ಅಬ್ಬಾನ ಉಸಿರಿಗೆ ಒಗ್ಗುವ ಕುರ್ಚಿ

"ಹಲೋ… ಹಲೋ! ಯಾರ್ರಿ ಮಾತಾಡೋದು? ತಾಳಿಕೋಟಿ ಏನ್ರಿ? ಬಾಬುಲಾಲ ಸೇಠರ ಅಂಗಡಿ ಹೌದಲ್ರಿ?… ಹಾಂ, ಸೇಠರ, ನಾನ್ರಿ, ನಿಜಾಮುದ್ದೀನ. ಗೈಬುಸಾಬರ ಮಗ. ಬಾಗೇವಾಡಿಯಿಂದ ಮಾತಾಡಾಕತ್ತೇನಿ… ಆರಾಮ್ರಿ. ಅಬ್ಬಾನ್ನ ಸ್ವಲ್ಪ ಕರೀರಿ. ಇಲ್ಲಂದ್ರ ತಂಗಿ ಅಬಿದಾನ್ನರ ಕರೀರಿ… ಹಾಂ, ಹಿಡದಿರ್ತೇನಿ."

ಬಸವನ ಬಾಗೇವಾಡಿಯ ಹಳೆಯ ಆಫೀಸರರ ಕ್ಲಬ್ಬಿನ ಪಡಸಾಲೆಯಲ್ಲಿ ನಿಂತು ನಿಜಾಮುದ್ದೀನ ಕಾಲು ಬದಲಿಸಿದ. ಕ್ಲಬ್ಬು ಮುಚ್ಚಿಹೋಗಿತ್ತು. ಸಾಮಾನೆಲ್ಲ ಮಾರಿ, ಕೊನೆಗೆ ಉಳಿದದ್ದು ಮೂರು ಕುರ್ಚಿ. ಅದರಲ್ಲಿ ಯಾವುದಾದರೂ ಒಂದನ್ನು ಶಾಲಾ ಮಾಸ್ತರನಾದ ಅವನಿಗೆ ಕೊಡುತ್ತೇನೆಂದು ಕಾರಭಾರಿ ಖಂಡೆಪ್ಪ ಮಾತು ಕೊಟ್ಟಿದ್ದ. ಮಿಕ್ಕ ಎರಡು ಇಂಡಿ ಊರಿನ ವ್ಯಾಪಾರಿಯ ಪಾಲು. ಆ ವ್ಯಾಪಾರಿಯ ಲಾರಿ ಆಗಲೇ ಬಾಗಿಲಿಗೆ ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು.

…

"ಅಬ್ಬಾ?… ಸಾವಕಾಶ, ಸಾವಕಾಶ. ಉಸರ ತಗೊಂಡು ಮಾತಾಡ್ರಿ. ಓಡಿ ಬಂದ್ರೇನು?… ಯಾಕ ಓಡಿ ಬಂದ್ರಿ ಅಬ್ಬಾ! ಕುಂಡ್ರಿ ಮೊದಲ. ಅಲ್ಲೇ ಜ್ವಾಳದ ಚೀಲದ ಮ್ಯಾಲೆ ಕುಂಡ್ರಿ."

…

ತಂತಿಯ ಆ ತುದಿಯಿಂದ ಸಂದಿಯಲ್ಲಿ ಗಾಳಿ ಹೊಕ್ಕಂತೆ ಸುಯ್ ಸುಯ್ ಎನ್ನುವ ಸದ್ದು ಮಾತ್ರ ಬಂತು. ನಿಜಾಮುದ್ದೀನ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ.

"ಇಲ್ರಿ, ಯಾರಿಗೂ ಏನೂ ಆಗಿಲ್ಲ. ಪೀರಬಿ, ಮಕ್ಕಳು ಎಲ್ಲಾ ಆರಾಮ ಅದಾರ… ಕುರ್ಚಿ… ಹೌದ್ರಿ, ಕುರ್ಚಿ ಸಲುವಾಗೇ ಟ್ರಂಕ್ ಕಾಲ್ ಮಾಡೇನಿ. ನಿಮ್ಮ ಸಲುವಾಗಿ… ಅಬಿದಾ ಕಾಗದ ಬರದಾಳ. ನೀವು ಮಲಗೋದs ಇಲ್ಲಂತ, ಗ್ವಾಡಿಗೆ ಆತು ಕುಂತs ಬೆಳಗ ಮಾಡ್ತೀರಂತ. ಖರೇ ಏನ್ರಿ?… ಅಬ್ಬಾ, ಖರೇ ಏನಂತ ಕೇಳಾಕತ್ತೇನಿ… ಆರು ತಿಂಗಳು! ನನಗ ಯಾಕ ಹೇಳಲಿಲ್ಲ?… 'ಮಾಸ್ತರಗ ಯಾಕ ತ್ರಾಸ' ಅಂದ್ರ? ನಾ ಸಾಲಿ ಹುಡುಗರಿಗೆ ಮಾಸ್ತರ. ನಿಮಗೂ ಮಾಸ್ತರನ ಏನ್ರಿ?"

…

ಗೈಬುಸಾಬ ಬೆತ್ತ ಹೆಣೆಯುವವನು. ಸಿಂದಗಿ, ಮುದ್ದೇಬಿಹಾಳ, ಇಂಡಿ ಅಂತ ಊರೂರು ತಿರುಗಿ, ಕಚೇರಿ, ಬಂಗಲೆಗಳ ಕುರ್ಚಿಗಳಿಗೆ ಜೀವ ತುಂಬಿದವನು. ಮಗನಿಗೂ ಆ ಕೆಲಸ ಕೈಗೆ ಹತ್ತಲೆಂದು ಆಸೆಪಟ್ಟಿದ್ದ. ಮಗ ಪುಸ್ತಕ ಹಿಡಿದ. ಅಂದಿನಿಂದ ಅಪ್ಪನ ಬಾಯಲ್ಲಿ 'ಮಾಸ್ತರ' ಎಂಬ ಮಾತು ಅರ್ಧ ಮರ್ಯಾದೆ, ಅರ್ಧ ಮುನಿಸು. ದಮ್ಮು ಹೆಚ್ಚಾದ ಮೇಲೆ ಒಂದು ವರ್ಷದಿಂದ ಅವನು ಬೆತ್ತ ಮುಟ್ಟಿರಲಿಲ್ಲ.

"ಡಾಕ್ಟರ್ ಏನ ಹೇಳ್ಯಾರ? ಕೈಯಿದ್ದ ಗಟ್ಟಿ ಕುರ್ಚಿ ಬೇಕಂತ ಹೌದಲ್ರಿ?… ಹಾಂ. ಇಲ್ಲಿ ಮೂರು ಅದಾವ ನೋಡ್ರಿ. ಒಂದು ಹೊಚ್ಚ ಹೊಸಾದು, ಸೋಲಾಪುರದ್ದು. ಹಸಿರು ರೆಕ್ಸಿನ್, ಒಳಗ ರಬ್ಬರ್ ಗಾದಿ. ಮನ್ಯಾಗ ಇಟ್ರ ಮನಿ ಶೋಭಾ ಬರ್ತೈತಿ. ನನಗ ಇದs ಚಲೋ ಅನಸ್ತೈತಿ… ಮುಷ್ಟೀಲೆ ಒತ್ತಲಿ? ಒತ್ತೇನಿ… ಹೌದು, ಕೆಳಗ ಹೋಗಾಕತ್ತೈತಿ… ಎದಿ ಮಡಚತೈತಿ ಅಂತೀರಿ?… ಹಾಂ. ಬ್ಯಾಸಿಗ್ಯಾಗ ಬೆನ್ನಿಗೆ ಅಂಟೋದೂ ಖರೇ. ಆತು, ಅದು ಬ್ಯಾಡ."

ಲಾರಿ ಮತ್ತೆ ಕೂಗಿತು. ಖಂಡೆಪ್ಪ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದ. ಒಂದೇ ಮಿನಿಟು ಎಂದು ನಿಜಾಮುದ್ದೀನ ಬೆರಳೆತ್ತಿ ತೋರಿಸಿದ.

"ಎರಡನೇದು ಚರ್ಮದ್ದು. ಬೆನ್ನು ಗುಂಡಗ, ಕೈ ದಪ್ಪ, ಸ್ಪ್ರಿಂಗ್ ಐತಿ. ಮೊದಲ ಕಲೆಕ್ಟರ್ ಬಂದ್ರ ಇದರಾಗ ಕುಂಡ್ರತಿದ್ರಂತ… ಬಡೀಲಿ? ಯಾಕ್ರಿ?… ಬಡೀತೇನಿ ತಡೀರಿ…"

ಅಂಗೈಯಿಂದ ಒಂದೇಟು ಕೊಟ್ಟ. ಹರಿದ ಹೊಲಿಗೆಯಿಂದ ಧೂಳು ಹೊಗೆಯ ಹಾಗೆ ಎದ್ದು, ಅವನಿಗೇ ಕೆಮ್ಮು ಉಕ್ಕಿ ಬಂತು.

"ನಾನ್ರಿ… ನಾನ ಕೆಮ್ಮಿದ್ದು… ಹಾಂ, ಒಳಗ ನಾರು ಪುಡಿಯಾಗೇತಿ. ತಿಳೀತ್ರಿ. ಇದೂ ಬ್ಯಾಡ… ಮೂರನೇದು ಬಾಳ ಹಳೀದು, ಅಬ್ಬಾ. ಸಾಗವಾನಿ. ಒರಗು ಎತ್ತರ, ಕೈ ಅಗಲ. ಆದ್ರ ಬೆತ್ತ ಹರದೈತಿ, ನಡುವ ಅಂಗೈಯಷ್ಟು ತೂತು. ಇಂಥಾದನ್ನ ಹೆಂಗ ತಗೊಂಡು ಬರ್ಲಿ? ನೋಡಿದ ಮಂದಿ ಏನಂತಾರ?… ಬಡದು ಕೇಳಸಲಿ? ಫೋನ್ ಹತ್ರ ಹಿಡೀತೇನಿ."

ಬೆರಳಿನ ಗೆಣ್ಣಿನಿಂದ ಕುರ್ಚಿಯ ಕೈಮೇಲೆ ಎರಡು ಸಲ ಬಡಿದ. ಟಣ್ ಎಂದಿತು. ತಲೆಕೆಳಗೆ ಮಾಡಿ ಬಗ್ಗಿ ನೋಡಿದ.

"ಮೊಳಿ ಇಲ್ರಿ, ಎಲ್ಲಾ ಕಟ್ಟಿಗಿ ಗೂಟ… ಇಲ್ರಿ, ಹುಳ ಹಿಡದಿಲ್ಲ… ಹಲೋ? ಯಾರು? ಎಕ್ಸ್‌ಚೇಂಜ್ ಏನ್ರಿ? ಮೂರು ಮಿನಿಟು ಆತಾ? ಇನ್ನ ಮೂರು ಕೊಡ್ರಿ ಸಾಹೇಬರ, ನಡುವ ಕಡೀಬ್ಯಾಡ್ರಿ… ಅಬ್ಬಾ, ಅದೀರೇನು?… ಕುಂತು ನೋಡಲಿ? ತೂತಿನಾಗ?… ಅಂಚಿನ ಮ್ಯಾಲೆ. ಹಾಂ, ಕುಂತೆ… ಮುಂದ ಬಾಗಲಿ? ಮೊಣಕೈ ಎರಡೂ ಕುರ್ಚಿ ಕೈ ಮ್ಯಾಲೆ… ತಲಿ ಕೆಳಗ… ಹಾಂ, ಹಂಗs ಕುಂತೇನಿ. ಈಗ?… ಉಸರ ತಗೀಲಿ?"

…

ಅಪ್ಪ ಹೇಳಿದಂತೆ ಬಾಯಿ ಅರೆ ತೆರೆದು, ಸಣ್ಣಗೆ, ಸಂದಿಯಿಂದ ಎಳೆದಂತೆ ಉಸಿರು ಎಳೆದ. ಒಮ್ಮೆ. ಇನ್ನೊಮ್ಮೆ. ಹೆಗಲುಗಳು ಮೇಲೆದ್ದವು. ಕತ್ತು ಬಿಗಿಯಿತು. ಆರು ತಿಂಗಳು ಅಪ್ಪ ಹೀಗೆ ಬಾಗಿ, ಮೊಣಕೈ ಊರಲು ಏನೂ ಇಲ್ಲದೆ, ತನ್ನ ಮೊಣಕಾಲಿನ ಮೇಲೆಯೇ ಭಾರ ಹಾಕಿಕೊಂಡು ಬೆಳಗು ಕಾದಿದ್ದಾನೆ. ಕಾಗದ ಓದಿದಾಗ ಅದು ಒಂದು ಸುದ್ದಿಯಾಗಿತ್ತು. ಈಗ ಅದು ಅವನ ಎದೆಗೂಡಿನೊಳಗೇ ಬಂದು ಕುಂತಿತು. ಫೋನು ಹಿಡಿದೇ ಅವನು ಇನ್ನೊಂದು ಅಂಗೈಯಿಂದ ಕುರ್ಚಿಯ ಕೈಯನ್ನು ಸವರಿದ.

…

"ಇಲ್ರಿ, ಅದೇನಿ… ಕಡದಿಲ್ಲ. ಇಲ್ಲೇ ಅದೇನಿ… ಹೌದ್ರಿ, ಮೊಣಕೈ ಸರಿಯಾಗಿ ಕುಂಡ್ರತಾವ. ಎದಿ ತೆರೀತೈತಿ. ನೀವು ಹೇಳಿದ್ದು ಖರೇ, ಇದs ಕುರ್ಚಿ… ಖಂಡೆಪ್ಪಣ್ಣ! ಈ ಹಳೀದು ನಂದ್ರಿ. ಉಳದ ಎರಡನ್ನ ಲಾರಿಗೆ ಹೇರಸ್ರಿ!"

ಇಬ್ಬರು ಹಮಾಲರು ಬಂದು ಹಸಿರು ಕುರ್ಚಿಯನ್ನೂ ಚರ್ಮದ ಕುರ್ಚಿಯನ್ನೂ ಎತ್ತಿಕೊಂಡು ಹೋದರು. ಪಡಸಾಲೆ ಬರಿದಾಯಿತು. ಅವನು ಎದ್ದೇಳಲಿಲ್ಲ.

"ಬೆತ್ತ ಇಲ್ಲೇ ಯಾರ ಕಡೆಯಾದ್ರೂ ಹಾಕಸ್ತೇನಿ ತಗೋರಿ… ಬ್ಯಾಡ? ಮತ್ತ ಯಾರು ಹಾಕವರು?… ನೀವಾ! ಈ ದಮ್ಮಿನ್ಯಾಗ?… ಸಿಟ್ಟಾಗಬ್ಯಾಡ್ರಿ. ಕೈ ಸತ್ತಿಲ್ಲ, ಒಪ್ಪಿದೆ… ದಿನಾ ನಾಕು ಸಾಲು, ಅಷ್ಟs? ಮಾತು ಕೊಡ್ತೀರಿ?… ಹಂಗಾರ ಬೆತ್ತ ನಾ ತರ್ತೇನಿ. ಸಣ್ಣ ಎಳೀದು, ಗೊತ್ತೈತಿ. ನೀರಾಗ ನೆನೀಬೇಕು, ಅದೂ ಗೊತ್ತೈತಿ. ಏನೂ ಮರ್ತಿಲ್ಲ ಅಬ್ಬಾ."

…

"ಕೆಳಗ ಕುಂತು ತುದಿ ಎಳಿಯಾಕ ಆಳು ಬೇಕಂತೀರಾ?… ಅಬಿದಾ ಯಾಕ? ನಾ ಬರ್ತೇನಿ… ಒಂದು ದಿನಕ್ಕಲ್ರಿ. ಸೋಮವಾರದಿಂದ ಸಾಲಿ ಸೂಟಿ. ಸೂಟಿ ಮುಗಿಯೋತನಾ ನಿಮ್ಮ ಹತ್ರಾನ ಇರ್ತೇನಿ, ಪೀರಬೀನೂ ಕರ್ಕೊಂಡು ಬರ್ತೇನಿ… ಹೂಂ, ಕೆಳಗ ನಾನೇ ಕುಂಡ್ರತೇನಿ. ನೀವು ಮ್ಯಾಲಿಂದ ಚುಚ್ಚ್ರಿ, ನಾ ಎಳೀತೇನಿ… ಏನಂದ್ರಿ? ಕೇಳಸವಲ್ದು… ಕೈ ಕೊಯ್ತೈತಿ ಅಂತೀರಾ?… ಕೊಯ್ಲಿ ಬಿಡ್ರಿ. ನಲವತ್ತು ವರ್ಷ ನಿಮ್ಮ ಕೈ ಕೊಯ್ದಿಲ್ಲೇನು? ನಾನು ಒಂದು ದಿನಾನೂ ಕೇಳಲಿಲ್ಲ ಅಬ್ಬಾ, ನಿಮಗ ಎಷ್ಟು ನೋ… ಹಲೋ?… ಎಕ್ಸ್‌ಚೇಂಜ್, ನಡುವ ಕಡದ್ರೇನ್ರಿ?… ಹಲೋ, ಅಬ್ಬಾ?… ಕೇಳಿಸ್ತೇನ್ರಿ?…"