ಅಪ್ಪನ ಕ್ಯಾಲೆಂಡರ್

ಶವಾಗಾರದ ಮುಂದೆ ಸರದಿ ಕಾಯುತ್ತಿದ್ದ ಗಾರೆ ಕೆಲಸದವನು ಕೂತ ಬೆಂಚಿನಲ್ಲೇ ಅಕ್ಕ ತಮ್ಮ ಇಬ್ಬರು ತಂದೆಯ ಹೆಣಕ್ಕಾಗಿ ಕೂತಿದ್ದರು. ತಮ್ಮನ ಜೇಬಿನಿಂದ ಯೇಸುವಿನ ಕರಪತ್ರಗಳು ಇಣುಕುತ್ತಿದ್ದವು. ಬೇಡವೆಂದರೂ ಅವರ ಮಾತು ಗಾರೆಯವನ ಕಿವಿಗೆ ಬಿತ್ತು.

"ಬಸ್ಸಲ್ಲಿ ಸಿಕ್ಕೋರಿಗೆಲ್ಲ ಹೇಳ್ತೀಯ. ಅಪ್ಪಂಗೆ ಹೇಳಿದ್ಯಾ?"

"ವರ್ಷಾ ವರ್ಷಾ ಬೈಬಲ್ ವಚನದ ಕ್ಯಾಲೆಂಡರ್ ಕೊಡ್ತಿದ್ನಲ್ಲಕ್ಕ."

"ಅದರಲ್ಲಿ ಅವರು ಮಾತ್ರೆ ನುಂಗಿದ ದಿನಕ್ಕೆ ಗೀಟು ಹಾಕ್ತಿದ್ರು."

"ಗೊತ್ತು."

"ಹೇಳೋಕೆ ಏನಿತ್ತು? ನನಗಾದ್ರೂ ಹೇಳು."

"ಯೇಸುಸ್ವಾಮಿ ನಮ್ಮ ಪಾಪಕ್ಕೋಸ್ಕರ ಸತ್ರು, ಮೂರನೇ ದಿನ ಎದ್ದು ಬಂದ್ರು. ನಂಬಿದೋರಿಗೆ ಕ್ಷಮೆ ಇದೆ."

"ಅಷ್ಟೇನಾ?"

"ಅಷ್ಟೇ."

"ಅಪ್ಪ ಯಾವತ್ತೂ ಕೇಳ್ಲಿಲ್ವಾ?"

"ಹೋದ ತಿಂಗಳು ಕೇಳಿದ್ರು. ಕನ್ನಡಕ ಸಿಗ್ತಿಲ್ಲ, ಈ ಕ್ಯಾಲೆಂಡರಲ್ಲಿ ಏನು ಬರ್ದಿದೆ ಓದಪ್ಪ ಅಂದ್ರು."

ಒಳಗಿನಿಂದ ಕರೆದರು. ಇಬ್ಬರೂ ಎದ್ದರು.

"ಓದಿದ್ಯಾ?"

"ಕನ್ನಡಕ ಹುಡುಕಿ ಕೊಟ್ಟೆ."