ಹನ್ನೆರಡನೇ ಕಾಲಂ

ನಗ್ಬೇಡ ಕಣೋ, ನಿಜ ಹೇಳ್ತಿದ್ದೀನಿ. ಇಪ್ಪತ್ತಾರು ವರ್ಷ ವೈರಿಂಗ್ ಮಾಡಿದೋನನ್ನ ಎದುರಿಗೆ ಕೂರಿಸ್ಕೊಂಡು, ಇದು ಯಾವ ಬಣ್ಣದ ವೈರು ಅಂತ ಕೇಳಿದ್ಳು. ಲೈಸೆನ್ಸ್ ಕೊಡೋಕೆ ಪರೀಕ್ಷೆ ಮಾಡೋಳಂತೆ. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡೋಳಿರ್ಬೇಕು. ಆ ಕೈ ನೋಡ್ಬೇಕಿತ್ತು ನೀನು. ಒಂದು ಗೀರಿಲ್ಲ, ಒಂದು ಬೊಬ್ಬೆ ಇಲ್ಲ. ಹುಟ್ಟಿದಾಗಿಂದ ಪೆನ್ನು ಬಿಟ್ರೆ ಬೇರೇನೂ ಹಿಡಿದಿಲ್ಲ.

ಹಸಿರು ಅಂದೆ. ಹಸಿರು ಯಾತಕ್ಕೆ ಅಂತ ಮತ್ತೆ ಕೇಳಿದ್ಳು. ಅರ್ಥಿಂಗ್‌ಗಮ್ಮಾ, ನೀನು ತೊಟ್ಟಿಲಲ್ಲಿದ್ದಾಗ್ಲಿಂದ ಅರ್ಥಿಂಗ್‌ಗೇ ಅಂದೆ. ಅದನ್ನೂ ಬರ್ಕೊಂಡ್ಳು.

ಆ ಜೆರಾಕ್ಸ್ ಮಿಷನ್ ನಿಲ್ಸು ಸ್ವಲ್ಪ. ಗಿರಾಕಿ ಕಾಯ್ತಾರೆ ಬಿಡು. ಭಾವ ಏನು ದಿನಾ ಬರ್ತಾನಾ ನಿನ್ನ ಅಂಗಡಿಗೆ? ನಿಮ್ಮಕ್ಕ ಹೇಳಿದ್ಳು, ನೀವೇ ಹೋಗಿ, ಫೋನ್‌ನಲ್ಲಿ ಕೇಳಿದ್ರೆ ಚೆನ್ನಾಗಿರಲ್ಲ ಅಂತ. ಏನು ಚೆನ್ನಾಗಿರಲ್ಲ? ಒಂದು ಸಹಿ. ಆಸ್ತಿ ಬರ್ಕೊಡು ಅಂದ್ನಾ?

ಪರೀಕ್ಷೆ ಪಾಸಾಯ್ತು. ಇನ್ನು ಈ ಫಾರಂ ಒಂದೇ. ಸಂಜೆ ಐದಕ್ಕೆ ಕೌಂಟರ್ ಮುಚ್ತಾರೆ. ಲೈಸೆನ್ಸ್ ಇಲ್ಲದೋನು ಮಾಡಿದ ಕೆಲಸಕ್ಕೆ ಮುಂದಿನ ತಿಂಗಳಿಂದ ಕರೆಂಟೇ ಕೊಡಲ್ವಂತೆ. ಅಂದ್ರೆ ನಾನು, ಈ ಊರಿನ ಅರ್ಧ ಮನೆಗಳಿಗೆ ಬೆಳಕು ಕೊಟ್ಟೋನು, ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಯಾವನದೋ ಏಣಿ ಹಿಡ್ಕೊಂಡು ನಿಲ್ಬೇಕು. ಅದಕ್ಕಿಂತ ಏಣಿಯಿಂದ ಬೀಳೋದು ವಾಸಿ.

ಓದ್ದೆ ಇರೋರಿಗೆ ಅನುಭವದ ಮೇಲೆ ಲೈಸೆನ್ಸ್. ಆದ್ರೆ ನಮ್ಮ ಜೊತೆ ಕನಿಷ್ಠ ಐದು ವರ್ಷ ಕೆಲಸ ಮಾಡಿದೋನೊಬ್ಬ ಫಾರಂ ಕೆಳಗೆ ಸಹಿ ಹಾಕ್ಬೇಕಂತೆ. ಯಾರಿದಾರೆ ನನಗೆ? ಆ ಕುಂಟ ಮೇಸ್ತ್ರಿ ತೀರ್ಕೊಂಡ. ಇನ್ನೊಬ್ಬ ಎಲ್ಲಿದಾನೋ ಗೊತ್ತಿಲ್ಲ. ನೀನಿದೀಯ. ಒಂಬತ್ತು ವರ್ಷ ನನ್ನ ಜೊತೆ ಇದ್ದೆ. ಪೈಪ್ ಬಗ್ಗಿಸೋದ್ರಿಂದ ಹಿಡ್ದು ಎಲ್ಲಾ ಕಲಿಸ್ದೆ. ಒಳ್ಳೇ ಕೈ ಇತ್ತು ನಿಂಗೆ. ಈಗ ನೋಡು, ಬೇರೆಯೋರು ಬರ್ದಿದ್ದನ್ನ ಗಾಜಿನ ಮೇಲೆ ಬೋರಲು ಹಾಕೋ ಕೆಲಸ.

ಅಲ್ಲ, ತಮಾಷೆಗಂದೆ. ಮುಖ ಯಾಕೆ ಹಾಗ್ಮಾಡ್ತೀಯ?

ಎಲ್ಲಾ ನಾನೇ ತುಂಬಿದೀನಿ, ನೀನು ಓದೋದೂ ಬೇಡ. ಹನ್ನೆರಡನೇದಾ? ಅದೇನಿಲ್ಲ ಬಿಡು. 'ಇವರ ಉಸ್ತುವಾರಿಯಲ್ಲಿ ಅವಘಡ ಸಂಭವಿಸಿದೆಯೇ?' ಇಲ್ಲ ಅಂತ ಬರ್ದಿದೀನಿ. ಎಲ್ಲಾರೂ ಹಾಗೇ ಬರೆಯೋದು. ಇದೆ ಅಂತ ಬರ್ದೋನಿಗೆ ಯಾವ ಲೈಸೆನ್ಸ್ ಕೊಡ್ತಾರೆ?

ನಿನ್ನದು ಅವಘಡ ಅಲ್ವಲ್ಲೋ. ನನ್ನ ಕೇಳದೇನೇ ನೀನೇ ಕೈ ಹಾಕ್ದೆ. ಆವತ್ತೇ ಎಲ್ಲಾರಿಗೂ ಹೇಳಿದೀನಿ. ನಿಮ್ಮಕ್ಕನಿಗೂ ಹೇಳಿದೀನಿ, ಆವತ್ತು ಕೆಲಸ ಮಾಡ್ತಿದ್ದ ಮನೆ ಯಜಮಾನನಿಗೂ ಹೇಳಿದೀನಿ. ನೀನೂ ಇಲ್ಲ ಅನ್ಲಿಲ್ಲ.

ಹೋಗ್ಲಿ, ಆ ಪ್ರಾಕ್ಟಿಕಲ್ ಕಥೆ ಕೇಳು. ಗೋಡೆಗೆ ಒಂದು ಬೋರ್ಡ್ ಹೊಡ್ದಿದ್ರು. ಮಕ್ಕಳ ಆಟದ ಸಾಮಾನು ಥರ. ಇವ್ಳು ಕೈಗೆ ಟೆಸ್ಟರ್ ಕೊಟ್ಟು ಕೇಳ್ತಾಳೆ, ಫ್ಯೂಸ್ ತೆಗ್ದಿದೀರ, ಟೆಸ್ಟರ್ ಇಟ್ರಿ, ದೀಪ ಹತ್ತಲಿಲ್ಲ, ಈಗೇನ್ಮಾಡ್ತೀರ ಅಂತ. ನಗು ಬಂತು ನಂಗೆ. ಇದೂ ಒಂದು ಪ್ರಶ್ನೆಯಾ? ಕಣ್ಮುಚ್ಕೊಂಡು ಹೇಳ್ದೆ. ಮೊದ್ಲು ಕರೆಂಟ್ ಇದೆ ಅಂತ ಗೊತ್ತಿರೋ ಜಾಗಕ್ಕೆ ಟೆಸ್ಟರ್ ಇಟ್ಟು ನೋಡ್ಬೇಕು, ಹತ್ತುತ್ತಾ ಇಲ್ವಾ ಅಂತ. ಆಮೇಲೆ ಇಲ್ಲಿ. ಆಮೇಲೆ ಮತ್ತೆ ಅಲ್ಲಿ. ಟೆಸ್ಟರೇ ಕೆಟ್ಟಿದ್ರೆ? ಕೆಟ್ಟ ಟೆಸ್ಟರ್ ನಂಬಿ ಕೈ ಹಾಕು ಅನ್ನೋನು ಎಲೆಕ್ಟ್ರಿಶಿಯನ್ನೇ ಅಲ್ಲ, ಕೊಲೆಗಾರ ಅಂದೆ. ಪೂರ್ತಿ ಮಾರ್ಕ್ಸ್ ಕೊಟ್ಳು. ಅಷ್ಟೂ ಗೊತ್ತಿಲ್ದೆ ಯಾವನಾದ್ರೂ...

ಯಾಕೆ ಹಾಗೆ ನೋಡ್ತಿದೀಯ?

ಇದೇನು ಹೊಸ ವಿಷಯಾನಾ? ಮೊದಲ್ನೇ ವಾರದಲ್ಲೇ ನಿಂಗೆ ಹೇಳಿಕೊಟ್ಟಿದೀನಿ.

ಸಹಿ ಹಾಕು. ಗಂಟೆ ನಾಲ್ಕಾಯ್ತು.

ಪೆನ್ನು ಯಾಕೆ ಕೆಳಗಿಟ್ಟೆ? ಎಡಗೈಲೇ ಹಾಕಪ್ಪ, ಯಾರೂ ಕೇಳಲ್ಲ. ಆ ಬಲಗೈ ಮೇಜಿನ ಮೇಲೆ ಇಡ್ಬೇಡ ಹೀಗೆ. ಬೆರಳು ಮಡಚಕ್ಕಾಗಲ್ಲ, ಗೊತ್ತು. ಹನ್ನೊಂದು ವರ್ಷದಿಂದ ನೋಡ್ತಿದೀನಿ, ಮತ್ತೆ ತೋರಿಸ್ಬೇಕಾ?

ಬೈಬೇಕಾ, ಬೈದ್ಬಿಡು.

ಅವಸರ ಇತ್ತು ಕಣೋ. ಊಟಕ್ಕೆ ಮುಂಚೆ ಆ ಬೋರ್ಡ್ ಮುಗಿಸ್ಬೇಕಿತ್ತು. ಎರಡು ಫ್ಯೂಸ್ ಅಕ್ಕಪಕ್ಕ, ಯಾವುದನ್ನ ಕಿತ್ತೆ ಅಂತ ನಂಗೇ... ಟೆಸ್ಟರ್ ಇಟ್ಟೆ. ಹತ್ತಲಿಲ್ಲ. ಲೈನ್ ಸತ್ತಿದೆ, ಕೈ ಹಾಕು ಅಂದೆ.

ಹೂಂ, ನಾನೇ ಅಂದೆ. ನೀನು ಕೇಳಿದ್ದೆ. ನೋಡಿದ್ರಾ ಭಾವ ಅಂತ ಎರಡು ಸಲ ಕೇಳಿದ್ದೆ.

ನಿನ್ನನ್ನ ಆಟೋದಲ್ಲಿ ಕಳಿಸಿದ್ಮೇಲೆ ವಾಪಸ್ ಒಳಗೆ ಹೋದೆ. ನಿಮ್ಮಕ್ಕನಿಗೂ ಇದು ಗೊತ್ತಿಲ್ಲ. ಬಾಗಿಲ ಪಕ್ಕದ ಸಾಕೆಟ್‌ನಲ್ಲಿ ಫ್ಯಾನ್ ಓಡ್ತಿತ್ತು. ಅದರ ಪ್ಲಗ್ ಕಿತ್ತು, ಟೆಸ್ಟರ್ ಇಟ್ಟು ನೋಡ್ದೆ.

ಹತ್ತಲಿಲ್ಲ.

ಆ ಫಾರಂ ಇಲ್ಲಿ ಕೊಡು. ಇದು ಬೇಡ... ಖಾಲೀದು ಇನ್ನೊಂದಿದೆಯಾ ನಿನ್ನ ಹತ್ರ?