ಏಳನೇ ರೂಮಿನ ಬೀಗ

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತು ಈಗಾಗಲೇ ಒಂದು ಸಲ ಗಡಿಯಾರ ನೋಡಿಕೊಂಡಿರುವ ಅಧ್ಯಕ್ಷರೂ ನಮ್ಮ ಪ್ರಾಂಶುಪಾಲರೂ ಆದ ಡಾಕ್ಟರ್ ಸಿದ್ದರಾಮಪ್ಪನವರೇ, ಮಾರತಹಳ್ಳಿಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕಳೆದು ನಮಗಾಗಿ ಬಂದಿರುವ ಮುಖ್ಯ ಅತಿಥಿಗಳೇ, ಸಹೋದ್ಯೋಗಿ ಮಿತ್ರರೇ, ಎರಡು ವರ್ಷ ಸಾರ್ವಜನಿಕ ಆರೋಗ್ಯವನ್ನು ಓದಿ ಇವತ್ತು ನಮ್ಮನ್ನು ಬಿಟ್ಟು ಹೊರಟಿರುವ ಸ್ನಾತಕೋತ್ತರ ವಿದ್ಯಾರ್ಥಿಗಳೇ, ಅವರನ್ನು ಹೆತ್ತು ಓದಿಸಿದವರೇ, ಸಭಿಕರೇ.

ನಿರೂಪಕಿ ನನ್ನನ್ನು ಪರಿಚಯಿಸುತ್ತಾ ‘ಕ್ಷೇತ್ರಕಾರ್ಯದ ಭೀಷ್ಮ, ಪ್ರೊಫೆಸರ್ ವಾದಿರಾಜ’ ಎಂದರು. ಅಮ್ಮಾ, ನನಗಿನ್ನೂ ಮೂವತ್ತೈದು. ಇಷ್ಟು ಬೇಗ ಬಾಣದ ಹಾಸಿಗೆ ಬೇಡ. ಆದರೂ ಆ ಬಿರುದು ಎಲ್ಲಿಂದ ಬಂತೆಂದು ನನಗೆ ಗೊತ್ತು. ಇಲ್ಲಿ ಮೇಜಿನ ಮೇಲೆ ಮಿಂಚುತ್ತಿದೆಯಲ್ಲ, ಉತ್ತಮ ಪ್ರಬಂಧಕ್ಕೆ ಕೊಡುವ ಹಿತ್ತಾಳೆಯ ಫಲಕ, ಅದರಲ್ಲಿ ಮೊದಲು ಕೆತ್ತಿದ ಹೆಸರು ನನ್ನದು. ಎರಡು ಸಾವಿರದ ಎಂಟು. ನಾನಿಲ್ಲಿ ಪಾಠ ಮಾಡಲು ಸೇರಿದಾಗಿನಿಂದ ಪ್ರತಿವರ್ಷ ಈ ಫಲಕ ಕೊಡುವ ಮುಂಚೆ ಹತ್ತು ನಿಮಿಷ ಕ್ಷೇತ್ರಕಾರ್ಯದ ಮಹತ್ವ ಕುರಿತು ಮಾತನಾಡುವುದು ನನ್ನ ಪಾಲಿನ ಕೆಲಸ. ಪ್ರತಿವರ್ಷ ಅದೇ ಭಾಷಣ, ಅದೇ ಮೂರು ಜೋಕು. ಹಳೆಯ ವಿದ್ಯಾರ್ಥಿಗಳು ನಗುವ ಜಾಗ ಬರುವ ಮೊದಲೇ ನಕ್ಕುಬಿಡುತ್ತಾರೆ.

ಈ ಸಲವೂ ಅದನ್ನೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದೇನೆ. ಓದುತ್ತೇನೋ ಇಲ್ಲವೋ, ನೋಡೋಣ.

ಸಾರ್ವಜನಿಕ ಆರೋಗ್ಯವೆಂದರೇನು? ನಮ್ಮ ತಂದೆಯವರಿಗೆ ಇದನ್ನು ವಿವರಿಸಲು ನಾನು ಪಟ್ಟ ಪಾಡು ಹೇಳತೀರದು. ಅವರು ಟೆಲಿಫೋನ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದವರು. ಮಗನಿಗೆ ಮೆಡಿಕಲ್ ಸೀಟು ಸಿಗಲಿಲ್ಲ. ಕ್ವಾರ್ಟರ್ಸಿನಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ? ‘ಅಪ್ಪಾ, ಡಾಕ್ಟರು ಒಬ್ಬ ರೋಗಿಯನ್ನು ನೋಡುತ್ತಾರೆ, ನಾವು ಇಡೀ ಊರನ್ನು ನೋಡುತ್ತೇವೆ’ ಎಂದೆ. ಮರುದಿನವೇ ಅವರು ಹಾಲಿನ ಬೂತಿನಲ್ಲಿ ನಿಂತು, ‘ನಮ್ಮ ಹುಡುಗ ಡಾಕ್ಟ್ರುಗಳಿಗೇ ಡಾಕ್ಟ್ರು ಕಣ್ರೀ’ ಎಂದು ಸಾರಿಬಿಟ್ಟರು. ನಗಿ, ನಗಿ. ಇದು ಮೊದಲನೇ ಜೋಕು.

ತಂದೆಯವರು ಟೈಮ್ ಆಫೀಸಿನಲ್ಲಿ ಕಲಿತಿದ್ದು ಒಂದೇ ಪಾಠ. ಕಾರ್ಡು ಪಂಚ್ ಆಗಿದ್ದರೆ ಮನುಷ್ಯ ಹಾಜರು, ಇಲ್ಲದಿದ್ದರೆ ಗೈರು. ಎದುರಿಗೇ ನಿಂತಿದ್ದರೂ ಗೈರು. ‘ಕಾರ್ಡು ಮಾತಾಡುತ್ತೆ, ನಾವು ಬಾಯಿ ಹಾಕಬಾರದು’ ಎನ್ನುತ್ತಿದ್ದರು. ಅದಕ್ಕಾಗಿ ಜನ ಅವರನ್ನು ಗೌರವಿಸುತ್ತಿದ್ದರು. ಪ್ರೀತಿಸುತ್ತಿದ್ದರೇ? ನನಗೆ ತಿಳಿಯದು. ನಾನಂತೂ ಅವರ ಮಗನಾಗಿಯೇ ಬೆಳೆದೆ.

ಹಾಗಾಗಿ ಎರಡನೇ ವರ್ಷದಲ್ಲಿ ಸಮೀಕ್ಷೆಯ ನಿಯಮಗಳನ್ನು ಕಲಿಸಿದಾಗ ನನಗೆ ತವರುಮನೆಗೆ ಬಂದಂತಾಯಿತು. ಇಲ್ಲಿರುವ ತಂದೆ ತಾಯಂದಿರಿಗಾಗಿ ಒಂದು ನಿಯಮ ಹೇಳುತ್ತೇನೆ. ಮುನ್ನೂರು ಮನೆಗಳನ್ನು ಆರಿಸಿಕೊಂಡಿರುತ್ತೇವೆ. ಆರಿಸಿದ ಮನೆಗೆ ಬೀಗ ಹಾಕಿದ್ದರೆ ಬೇರೆ ಬೇರೆ ದಿನ ಮೂರು ಸಲ ಹೋಗಬೇಕು. ಮೂರನೇ ಸಲವೂ ಬೀಗವೇ ಇದ್ದರೆ ಹಾಳೆಯ ಮೇಲೆ ‘ಬೀಗ’ ಎಂದು ಬರೆದು, ಅದರ ಬದಲಿಗೆ ಬಲಗಡೆಯ ಮನೆಯನ್ನು ತೆಗೆದುಕೊಳ್ಳಬೇಕು. ಬೀಗ ಹಾಕಿದ ಮನೆಯವರೂ ಬಲಗಡೆಯ ಮನೆಯವರೂ ಒಂದೇ ಥರ ಇರುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ. ಎಲ್ಲ ಪುಸ್ತಕಗಳಲ್ಲೂ ಇದೆ. ಒಂಬತ್ತು ವರ್ಷದಿಂದ ನಾನೂ ಅದನ್ನೇ ಕಲಿಸುತ್ತಿದ್ದೇನೆ.

ನನ್ನ ಪ್ರಬಂಧ ಕಾಡುಗೋಡಿಯ ವಲಸೆ ಕಾರ್ಮಿಕರ ಮನೆಗಳಲ್ಲಿ ದೀರ್ಘಕಾಲದ ಕೆಮ್ಮನ್ನು ಕುರಿತದ್ದು. ಫೆಬ್ರವರಿಯ ಬಿಸಿಲು. ಸುತ್ತಲೂ ಅಪಾರ್ಟ್‌ಮೆಂಟುಗಳು ಮೇಲೇಳುತ್ತಿದ್ದವು. ಅವುಗಳಿಗೆ ಕಲ್ಲು ಕೊಯ್ಯುವವರು, ಗಾರೆ ಕಲಸುವವರು, ಯಾದಗಿರಿ, ದೇವದುರ್ಗ, ಸಿಂಧನೂರಿನ ಕಡೆಯವರು, ಸ್ಟೇಷನ್ನಿನ ಹಿಂದಿನ ವಠಾರಗಳಲ್ಲಿ ಶೀಟಿನ ಮನೆಗಳಲ್ಲಿ ಇದ್ದರು. ಒಂದೊಂದು ಮನೆಯೆಂದರೆ ಒಂದೊಂದು ರೂಮು. ಪುಟ್ಟಣ್ಣ ಎಂಬವರ ವಠಾರದಲ್ಲಿ ಹನ್ನೆರಡು ರೂಮುಗಳು. ನನ್ನ ಪಟ್ಟಿಯಲ್ಲಿ ಬಂದದ್ದು ಏಳನೆಯದು.

ಮೂರು ಸಲ ಹೋದೆ. ಮೂರು ಸಲವೂ ಬೀಗ. ಬಲಗಡೆಯ ಎಂಟನೇ ರೂಮಿನ ಹೊಸ್ತಿಲಲ್ಲಿ ಒಬ್ಬ ಹೆಂಗಸು ಅಕ್ಕಿ ಆರಿಸುತ್ತಾ ಕುಳಿತಿದ್ದರು. ಹೆಸರು ಸಿದ್ದಕ್ಕ. ‘ಈ ಮನೇಲಿ ಯಾರಿಗಾದ್ರೂ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯೇನಮ್ಮಾ?’ ಎಂದು ಕೇಳಿದೆ. ‘ಈ ಮನ್ಯಾಗ ಯಾರಿಗೂ ಇಲ್ರೀ ಸರ’ ಎಂದರು. ಇಲ್ಲ ಎಂಬ ಕಡೆ ಗುರುತು ಹಾಕಿದೆ. ಏಳನೆಯದಕ್ಕೆ ಬೀಗ, ಬದಲಿಗೆ ಎಂಟನೆಯದು. ನಿಯಮದ ಪ್ರಕಾರ. ನಾನೇನು ಬಾಗಿಲು ಒಡೆಯಬೇಕಿತ್ತೇ?

ಮುನ್ನೂರು ಮನೆಗಳಲ್ಲಿ ಕೆಮ್ಮು ಸಿಕ್ಕಿದ್ದು ಇಬ್ಬರಿಗೆ. ಆತಂಕಪಡುವಂಥದ್ದೇನಿಲ್ಲ ಎಂದು ಬರೆದೆ. ಫಲಕ ಬಂತು. ತಂದೆಯವರು ಅದನ್ನು ಒಂದು ವಾರ ಮನೆಯಲ್ಲಿಟ್ಟುಕೊಂಡು ಅಕ್ಕಪಕ್ಕದವರನ್ನು ಕಾಫಿಗೆ ಕರೆದರು. ಕಾಡುಗೋಡಿಯಲ್ಲಿ ವಾರಕ್ಕೊಮ್ಮೆ ಕಫ ಪರೀಕ್ಷೆಗೆ ಒಂದು ಕೇಂದ್ರ ತೆರೆಯುವ ಮಾತು ನಡೆದಿತ್ತಂತೆ. ಯಾವ ಕಚೇರಿ ಎಂದು ಹೇಳುವುದು ಬೇಡ. ನನ್ನ ಪ್ರಬಂಧವನ್ನು ನೋಡಿ, ಅಲ್ಲಿ ಅಗತ್ಯವಿಲ್ಲ ಎಂದು ಅದನ್ನು ಬೇರೆ ಕಡೆಗೆ ಕೊಟ್ಟರು. ನನ್ನ ಬರವಣಿಗೆಯಿಂದ ಸರ್ಕಾರದ ಒಂದು ತೀರ್ಮಾನ ಆಯಿತಲ್ಲ ಎಂದು ನಾನು ಹಿಗ್ಗಿದ್ದೆ. ಹೌದು, ಹಿಗ್ಗಿದ್ದೆ.

ನನ್ನ ಪ್ರಬಂಧದ ಕೆಂಪು ರಟ್ಟಿನ ಪ್ರತಿ ನಮ್ಮ ಗ್ರಂಥಾಲಯದಲ್ಲಿದೆ. ‘ವಾದಿರಾಜ್ ಸರ್ ಮೆಥಡ್’ ಎಂದು ಮಕ್ಕಳು ಅದನ್ನೇ ನೋಡಿಕೊಂಡು ಬರೆಯುತ್ತಾರೆ. ಈ ವರ್ಷ ಫಲಕ ಪಡೆಯಲಿರುವ ಸುಕೃತಿಯೂ ಹಾಗೇ ಬರೆದಿದ್ದಾಳೆ. ಸುಕೃತಿ, ಗಾಬರಿಯಾಗಬೇಡ. ನೀನು ಕಷ್ಟಪಟ್ಟಿದ್ದೀಯ, ಫಲಕ ನಿನ್ನದೇ. ತಪ್ಪು ಕಲಿತವರದ್ದಲ್ಲ.

ಈ ತಂಡದಲ್ಲಿ ಇಪ್ಪತ್ಮೂರು ವಿದ್ಯಾರ್ಥಿಗಳು. ಇನ್ನು ಸ್ವಲ್ಪ ಹೊತ್ತಿಗೆ ವೇದಿಕೆಗೆ ಕರೆಯುವುದು ಇಪ್ಪತ್ತೆರಡು ಹೆಸರು. ಉಳಿದ ಒಬ್ಬಳು ಸವಿತಾ. ದೇವದುರ್ಗದವಳು. ಗೆಳತಿಯರು ಫೋಟೋಗೆ ಕರೆದರೆಂದು ಬಂದು ಹಿಂದಿನ ಸಾಲಿನಲ್ಲಿ, ನೀರಿನ ಕ್ಯಾನಿನ ಪಕ್ಕದಲ್ಲಿ ಕುಳಿತಿದ್ದಾಳೆ. ಎಲ್ಲರೂ ತಿರುಗಿ ನೋಡಬೇಡಿ, ಅವಳಿಗೆ ಮುಜುಗರವಾಗುತ್ತದೆ. ಅವಳ ಹೆಸರು ಪಟ್ಟಿಯಲ್ಲಿಲ್ಲ. ತೆಗೆಸಿದವನು ನಾನು.

ಅವಳೂ ಕಾಡುಗೋಡಿಯ ಅದೇ ಗಲ್ಲಿಗಳಿಗೆ ಹೋದಳು, ಅದೇ ಕೆಮ್ಮಿನ ವಿಷಯಕ್ಕೆ. ಆದರೆ ಬೀಗ ಹಾಕಿದ ಮನೆ ಬಂದರೆ ಬಲಗಡೆಗೆ ಹೋಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ಅವಳ ಮಾತೂ ಅಲ್ಲಿನವರ ಮಾತೂ ಒಂದೇ, ಹೆಂಗಸರು ಬಾಯಿಬಿಟ್ಟರು. ಕೆಮ್ಮುವವರಿಗೆ ವಠಾರಗಳಲ್ಲಿ ರೂಮು ಕೊಡುವುದಿಲ್ಲ. ಇದ್ದವರನ್ನೂ ಖಾಲಿ ಮಾಡಿಸುತ್ತಾರೆ. ಅದಕ್ಕೆ ಮನೆಯವರು, ಊರಿಗೆ ಹೋಗಿದ್ದಾರೆ ಎಂದು ಹೇಳಿ, ಕಾಯಿಲೆಯವರನ್ನು ಒಳಗೆ ಮಲಗಿಸಿ, ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಾರೆ. ಸವಿತಾ ಹೀಗೆ ಬೀಗ ತೆಗೆಸಿದ ಇಪ್ಪತ್ತೊಂಬತ್ತು ರೂಮುಗಳಲ್ಲಿ ಹನ್ನೊಂದರೊಳಗೆ ಮನುಷ್ಯರಿದ್ದರು.

ಇಷ್ಟು ಮಾಡುವಷ್ಟರಲ್ಲಿ ಅವಳ ಸಮಯ ಮುಗಿಯಿತು. ಮುನ್ನೂರು ಮನೆಗಳ ಬದಲು ನೂರ ಹದಿನೆಂಟು ಮನೆಗಳೊಂದಿಗೆ ನನ್ನ ಮುಂದೆ ಬಂದು ನಿಂತಳು. ಮೇ ತಿಂಗಳಿನ ಮೌಖಿಕ ಪರೀಕ್ಷೆ, ನಾನೇ ಪರೀಕ್ಷಕ. ‘ಇದು ಪ್ರಬಂಧ ಏನಮ್ಮಾ? ಮುನ್ನೂರು ಎಲ್ಲಿ? ಬಲಗಡೆ ಮನೆಗಳಿಗೆ ಹೋಗಿ ಪೂರ್ತಿ ಮಾಡ್ಕೊಂಡು ಬಾ’ ಎಂದೆ. ‘ಹೋಗಂಗಿಲ್ರಿ ಸರ್. ನನಗ ಗೊತ್ತಾದ ಮ್ಯಾಲ ಹೆಂಗ ಹೋಗ್ಲಿ?’ ಎಂದಳು. ಸಹಿ ಹಾಕದೆ ವಾಪಸ್ಸು ಕಳಿಸಿದೆ. ಜೂನಿನಲ್ಲಿ ಕಲಬುರಗಿಯಲ್ಲಿ ಅವಳಿಗೊಂದು ಕೆಲಸ ಕಾದಿತ್ತು. ಡಿಗ್ರಿ ಇಲ್ಲವೆಂದು ಅದು ಬೇರೆಯವರ ಪಾಲಾಯಿತು.

ಮನೆಗಳ ಸಂಖ್ಯೆ ಕಡಿಮೆ ಎಂದೇ ನಾನು ಹಾಗೆ ಮಾಡಿದೆನೇ? ಸಂಖ್ಯೆ ಕಡಿಮೆಯಿದ್ದ ಪ್ರಬಂಧಗಳಿಗೆ ಹಿಂದೆ ಸಹಿ ಹಾಕಿಲ್ಲವೇ? ಹಾಕಿದ್ದೇನೆ. ಇಲ್ಲಿ ಕುಳಿತ ಕೆಲವರಿಗೆ ಅದು ಚೆನ್ನಾಗಿಯೇ ಗೊತ್ತು.

ಅವಳ ಪ್ರಬಂಧದ ಎಂಬತ್ತೇಳನೇ ಪುಟವಿದೆ. ಅದಕ್ಕೆ ನಾನು ಕೆಂಪು ಶಾಯಿಯಲ್ಲಿ ಅಡ್ಡಗೀರು ಎಳೆದು, ‘ವಿಷಯಕ್ಕೆ ಸಂಬಂಧಿಸಿಲ್ಲ’ ಎಂದು ಬರೆದೆ. ಆ ಪುಟದಲ್ಲಿ ಪುಟ್ಟಣ್ಣನವರ ವಠಾರದ ಹಳೆಯ ನಿವಾಸಿಯೊಬ್ಬರ ಹೇಳಿಕೆ ಇದೆ. ಸಿದ್ದಕ್ಕ. ಅಕ್ಕಿ ಆರಿಸುತ್ತಿದ್ದ ಅದೇ ಸಿದ್ದಕ್ಕ.

ಎಂಟನೇ ರೂಮು ಅವರ ತಂಗಿಯದಂತೆ. ಸಿದ್ದಕ್ಕನದು ಏಳನೆಯದು. ಗಂಡ ಯಂಕಪ್ಪ, ಗ್ರಾನೈಟ್ ಕೊಯ್ಯುವ ಕೆಲಸದವರು, ಹಾಸಿಗೆ ಹಿಡಿದಿದ್ದರು. ಅವರನ್ನು ಊರಿಗೆ ಕಳಿಸಿದ್ದೇನೆ ಎಂದು ಪುಟ್ಟಣ್ಣನವರಿಗೆ ಸುಳ್ಳು ಹೇಳಿ, ಹಗಲೆಲ್ಲ ಬೀಗ ಹಾಕಿ ಪಕ್ಕದ ಹೊಸ್ತಿಲಲ್ಲಿ ಕಾವಲು ಕುಳಿತಿರುತ್ತಿದ್ದರು. ನಾನು ಪ್ರಶ್ನೆ ಕೇಳುವಾಗ ಬೀಗದ ಕೈ ಅವರ ಸೆರಗಿನ ಗಂಟಿನಲ್ಲಿತ್ತು. ಯುಗಾದಿಗೆ ಯಂಕಪ್ಪನವರನ್ನು ಊರಿಗೆ ಕರೆದೊಯ್ದರು. ಬಸವ ಜಯಂತಿಯ ಹೊತ್ತಿಗೆ ಅವರಿರಲಿಲ್ಲ. ಅದು ಕ್ಷಯವೋ, ಕಲ್ಲಿನ ಧೂಳೋ, ಎರಡೂ ಸೇರಿಯೋ, ಯಾರಿಗೂ ಗೊತ್ತಿಲ್ಲ. ಕಫ ಪರೀಕ್ಷೆ ಆಗಲೇ ಇಲ್ಲವಲ್ಲ.

ಇದನ್ನು ಓದಿದಾಗಲೂ ನಾನು ನನಗೆ ನಾನೇ ಹೇಳಿಕೊಂಡಿದ್ದು ಅದನ್ನೇ. ಬೀಗ ಹಾಕಿತ್ತು. ಆಕೆ ಸುಳ್ಳು ಹೇಳಿದರು. ನಾನೇನು ಬಾಗಿಲು ಒಡೆಯಬೇಕಿತ್ತೇ?

ಅಧ್ಯಕ್ಷರು ಎರಡನೇ ಸಲ ಗಡಿಯಾರ ನೋಡಿದರು. ಸರ್, ಇನ್ನು ಐದು ನಿಮಿಷ. ಜೇಬಿನಲ್ಲಿದ್ದ ಭಾಷಣ ಅಲ್ಲೇ ಇರಲಿ.

ಆ ಪುಟದ ಕೊನೆಯಲ್ಲಿ ಸಿದ್ದಕ್ಕ ಹೇಳಿದ ನಾಲ್ಕು ಸಾಲುಗಳಿವೆ. ಮೂರು ತಿಂಗಳಾಯಿತು, ನನಗೆ ಅವು ಬಾಯಿಪಾಠವಾಗಿವೆ. ‘ಹೊರಗ ಯಾರರ ಬಂದ್ರ ಆತ ಬಾಯಾಗ ಅರಿವಿ ತುಂಡು ತುರುಕ್ಕೊಂತಿದ್ದ, ಕೆಮ್ಮು ಕೇಳಬಾರದಂತ. ಆ ಕನ್ನಡಕದ ಸರ ಬಂದ ದಿನ ಅರಿವಿ ತಗದು ಕೆಮ್ಮಿದ. ಬೇಕಂತನ ಕೆಮ್ಮಿದ. ದವಾಖಾನಿ ಮಂದಿ ಬಂದಾರ, ಕೇಳಲಿ, ಬಾಗಲಾ ತಗಸಲಿ ಅಂತ. ನಾ ಹೆದರಿ ಸುಮ್ನ ಕುಂತೆ.’

ಪರೀಕ್ಷೆಯ ದಿನ ಈ ಪುಟದ ಮೇಲೆ ನಾನು ಗೀರು ಎಳೆಯುವಾಗ ಸವಿತಾ ಒಂದೇ ಒಂದು ಪ್ರಶ್ನೆ ಕೇಳಿದಳು. ಆ ಕನ್ನಡಕದವರು ಯಾರೆಂದು ಅವಳು ಎಲ್ಲೂ ಬರೆದಿರಲಿಲ್ಲ. ನನ್ನ ಮುಖ ನೋಡಿಕೊಂಡೇ ಕೇಳಿದಳು. ‘ಅವರಿಗೆ ಕೇಳಿಸಿತ್ತೇನ್ರಿ ಸರ್?’ ನಾನು, ‘ಸಂಬಂಧವಿಲ್ಲದ ಪ್ರಶ್ನೆ, ಹೊರಗೆ ಹೋಗು’ ಎಂದೆ.

ಇವತ್ತು ಬೆಳಿಗ್ಗೆ ನೂರ ಹದಿನೆಂಟು ಮನೆಗಳ ಆ ಪ್ರಬಂಧಕ್ಕೆ ಸಹಿ ಹಾಕಿ ಪ್ರಾಂಶುಪಾಲರ ಮೇಜಿನ ಮೇಲಿಟ್ಟಿದ್ದೇನೆ. ಕೆಂಪು ರಟ್ಟಿನ ನನ್ನ ಪ್ರಬಂಧದ ಲೆಕ್ಕ ನಂಬತಕ್ಕದ್ದಲ್ಲ ಎಂದು ಒಂದು ಪತ್ರವನ್ನೂ ಬರೆದಿಟ್ಟಿದ್ದೇನೆ. ವಿಶ್ವವಿದ್ಯಾಲಯದ ಕೊನೆಯ ದಿನಾಂಕ ಮುಗಿದಿರುವುದರಿಂದ ಸವಿತಾಳಿಗೆ ಪದವಿ ಸಿಗುವುದು ಮುಂದಿನ ವರ್ಷವೇ. ಕಲಬುರಗಿಯ ಕೆಲಸವಂತೂ ವಾಪಸ್ಸು ಬರುವುದಿಲ್ಲ. ಯಂಕಪ್ಪನವರ ವಿಷಯದಲ್ಲಿ ನನ್ನ ಸಹಿಯಿಂದ ಏನೂ ಆಗುವುದಿಲ್ಲ.

ಸವಿತಾ, ನೀನು ಕೇಳಿದ ಪ್ರಶ್ನೆ ವಿಷಯಕ್ಕೆ ಸಂಬಂಧಿಸಿದ್ದೇ. ಇಷ್ಟು ವರ್ಷ ನನ್ನ ಹೆಂಡತಿಗೂ ಹೇಳಲಿಲ್ಲ, ತೀರಿಕೊಂಡ ನನ್ನ ತಂದೆಗೂ ಹೇಳಲಿಲ್ಲ. ಕೇಳಿಸಿತ್ತು ಕಣಮ್ಮ. ಮೂರು ಸಲ ಕೆಮ್ಮಿದರು. ಒಂದು ಸಲ ಕೆಮ್ಮಿ, ಸ್ವಲ್ಪ ತಡೆದು, ನಾನಿನ್ನೂ ಅಲ್ಲೇ ಇದ್ದೇನಾ ಎಂದು ನೋಡುವವರ ಹಾಗೆ ಮತ್ತೆ ಕೆಮ್ಮಿದರು. ನಾನು ಬಾಗಿಲಿನಿಂದ ಎರಡು ಮಾರು ದೂರದಲ್ಲಿದ್ದೆ. ಪೆನ್ನಿನ ಮುಚ್ಚಳ ತೆಗೆದು ‘ಬೀಗ’ ಎಂದು ಬರೆದೆ.

ಸುಕೃತಿ, ಬಾಮ್ಮ, ಫಲಕ ತೆಗೆದುಕೋ. ಹತ್ತು ನಿಮಿಷದ ಜಾಗದಲ್ಲಿ ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ಎದ್ದು ಹೋಗದೆ ಕುಳಿತ ನಿಮ್ಮೆಲ್ಲರಿಗೆ ನಾನು ಋಣಿ. ನಮಸ್ಕಾರ.